ವರದಿಗೆ ಅಲರ್ಜಿ, ಮಗುವಿಗಲ್ಲ

ನಮಸ್ಕಾರ. ಇಲ್ಲಿ ಕುಳಿತಿರುವ ಅರ್ಧದಷ್ಟು ತಂದೆತಾಯಿಯರ ತೊಡೆಯ ಮೇಲೆ ಫೈಲುಗಳು ಕಾಣುತ್ತಿವೆ. ದಯವಿಟ್ಟು ಸ್ವಲ್ಪ ಹೊತ್ತು ಮುಚ್ಚಿಡಿ. ಮಕ್ಕಳ ಆಹಾರದ ಅಲರ್ಜಿಯ ಬಗ್ಗೆ ನಾನು ಹೇಳಲು ಬಂದಿರುವುದು ಒಂದೇ ಮಾತು: ಮೊದಲು ಮಗುವಿನ ಕಥೆ, ಆಮೇಲೆ ಪರೀಕ್ಷೆ.

ಒಬ್ಬ ತಂದೆ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಕೈಯಲ್ಲಿ ಮಾರುದ್ದದ ರಕ್ತಪರೀಕ್ಷೆಯ ವರದಿ. ಹಾಲು, ಗೋಧಿ, ಮೊಟ್ಟೆ, ಸೋಯಾ, ಎಲ್ಲದರ ಮುಂದೆಯೂ ಕೆಂಪು ಗುರುತು.

"ಗೋಧಿ ತಿಂದಾಗ ಏನಾಗುತ್ತಿತ್ತು?" ಎಂದೆ.

"ಏನೂ ಇಲ್ಲ ಡಾಕ್ಟರೇ, ದಿನವೂ ತಿನ್ನುತ್ತಿದ್ದಳು."

"ಮತ್ತೆ ನಿಲ್ಲಿಸಿದ್ದೇಕೆ?"

"ಇದರಲ್ಲಿ ಬಂದಿದೆಯಲ್ಲ!"

ಅಷ್ಟರಲ್ಲಿ ಆ ಹುಡುಗಿ ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣಕ್ಕೆ ಕೈ ಹಾಕಿದ್ದಳು. ತಂದೆ ಹೌಹಾರಿ ಕಿತ್ತುಕೊಂಡರು. (ಬಿಸ್ಕತ್ತು ನನ್ನದಲ್ಲ, ನರ್ಸಮ್ಮನದು.) ಅವಳ ತೂಕದ ಗೆರೆ ಚಾರ್ಟಿನಲ್ಲಿ ಕೆಳಗೆ ಬಾಗಿತ್ತು. ಇಷ್ಟಕ್ಕೂ ಪರೀಕ್ಷೆ ಮಾಡಿಸಿದ್ದೇಕೆ ಗೊತ್ತೇ? ಮೊಣಕೈ ಮಡಿಕೆಯಲ್ಲಿ ಎಕ್ಸಿಮಾ, ಅಂದರೆ ತುರಿಕೆಯ ಚರ್ಮದ ಕಾಯಿಲೆ ಇತ್ತು, ಅಷ್ಟೇ. ಆ ರಕ್ತಪರೀಕ್ಷೆ ಅಳೆಯುವುದು ಐಜಿಇ ಎಂಬ, ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯವನ್ನು. ಎಕ್ಸಿಮಾ ಇರುವ ಮಕ್ಕಳ ರಕ್ತದಲ್ಲಿ ಅದು ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಹತ್ತಾರು ಆಹಾರಕ್ಕೆ ಒಟ್ಟಿಗೆ ಬಲೆ ಬೀಸಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದರ ಅರ್ಥ, ದೇಹ ಆ ಆಹಾರವನ್ನು ಗುರುತಿಟ್ಟುಕೊಂಡಿದೆ ಎಂದು. ತಿಂದರೆ ತೊಂದರೆ ಆಗಲೇಬೇಕೆಂದಿಲ್ಲ. ಅದಕ್ಕಿಂತ ಕೆಟ್ಟ ಸಂಗತಿ ಎಂದರೆ, ಒಗ್ಗಿದ್ದ ಆಹಾರವನ್ನು ಬಹುಕಾಲ ಬಿಡಿಸಿದರೆ ಇಲ್ಲದ ಅಲರ್ಜಿ ನಿಜವಾಗಿಯೇ ಹುಟ್ಟಿಕೊಳ್ಳಬಹುದು.

ಆದ್ದರಿಂದ ಮೊದಲು ಕಥೆ. ಏನು ತಿಂದಿತು, ಎಷ್ಟು, ತಿಂದ ಎಷ್ಟು ನಿಮಿಷಕ್ಕೆ ಗಂದೆ ಎದ್ದಿತು, ವಾಂತಿಯಾಯಿತೇ, ಹಿಂದೆ ತಿಂದಾಗ ಹೇಗಿತ್ತು? ಬರೆದುಕೊಂಡು ಬನ್ನಿ. ಗಂದೆಯ ಫೋಟೋ ತೆಗೆದಿಡಿ. ನೀವು ಆಸ್ಪತ್ರೆ ತಲಪುವ ಹೊತ್ತಿಗೆ ಅದು ಮಾಯವಾಗಿರುತ್ತದೆ, ಮಗು ಏನೂ ಆಗದಂತೆ ನಗುತ್ತಿರುತ್ತದೆ.

ಚರ್ಮದ ಚುಚ್ಚು ಪರೀಕ್ಷೆಗೆ ಹೆದರಬೇಡಿ. ಮುಂಗೈ ಅಥವಾ ಬೆನ್ನಿನ ಮೇಲೆ ಅನುಮಾನದ ಆಹಾರದ ಸಾರದ ಹನಿಯನ್ನೂ, ಹೋಲಿಕೆಗೆ ಬರೀ ಲವಣಜಲದ ಹನಿಯನ್ನೂ ಇಟ್ಟು ಸಣ್ಣದಾಗಿ ಚುಚ್ಚುತ್ತಾರೆ, 15-20 ನಿಮಿಷದಲ್ಲಿ ಉಬ್ಬನ್ನು ಅಳೆಯುತ್ತಾರೆ. ಲವಣಜಲದ ಹನಿಯ ಜಾಗಕ್ಕಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್. ಉಬ್ಬು ದೊಡ್ಡದೆಂದರೆ ಅಲರ್ಜಿಯ ಸಂಭವ ಹೆಚ್ಚು ಎಂದಷ್ಟೇ, ಅಪಾಯ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಆಂಟಿಹಿಸ್ಟಮಿನ್, ಅಂದರೆ ಅಲರ್ಜಿ ತಗ್ಗಿಸುವ ಸಿರಪ್ಪನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ನಿಲ್ಲಿಸದಿದ್ದರೆ ಉಬ್ಬು ಏಳದೆ ಮಗು ಅತ್ತದ್ದೇ ಲಾಭ. ರಕ್ತಪರೀಕ್ಷೆಗೆ ಆ ಕಾಟವಿಲ್ಲ. ಐಜಿಜಿ (ಇದು ಬೇರೆಯೇ ಬಗೆಯ ಪ್ರತಿಕಾಯ) ಪರೀಕ್ಷೆ ಎಂದು ಯಾರಾದರೂ ಪಟ್ಟಿ ಕೊಟ್ಟರೆ ದುಡ್ಡು ಉಳಿಸಿಕೊಳ್ಳಿ, ಆಹಾರದ ಅಲರ್ಜಿ ಪತ್ತೆಗೆ ಅದು ಕೆಲಸಕ್ಕೆ ಬಾರದು. ಅನುಮಾನ ಉಳಿದರೆ ಆಸ್ಪತ್ರೆಯಲ್ಲೇ, ವೈದ್ಯರ ಕಣ್ಣೆದುರಿಗೆ, ಚೂರುಚೂರೇ ತಿನ್ನಿಸಿ ನೋಡುವುದು ಕೊನೆಯ ತೀರ್ಪು. ಮನೆಯಲ್ಲಿ ಮಾತ್ರ ಈ ಸಾಹಸ ಬೇಡ.

ಸಂಘಟಕರ ಚೀಟಿ ಬಂತು, ಐದೇ ನಿಮಿಷವಂತೆ. ಕಡಲೆಕಾಯಿಯ ಚರಿತ್ರೆಯನ್ನು ಓಡಿಸಿಬಿಡುತ್ತೇನೆ. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಎಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿತು. 2008ರಲ್ಲಿ ಆ ಮಾತನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಲೀಪ್ ಅಧ್ಯಯನ 640 ಶಿಶುಗಳಲ್ಲಿ ತದ್ವಿರುದ್ಧವನ್ನೇ ತೋರಿಸಿತು: ಬೇಗ ತಿನ್ನಿಸಿದವರಲ್ಲಿ ಅಲರ್ಜಿ ಬಹಳ ಕಡಿಮೆ. ಆದರೆ ತೀವ್ರ ಎಕ್ಸಿಮಾ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ.

ಹಾಲು, ಮೊಟ್ಟೆಯ ಅಲರ್ಜಿ ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ಹಳೆಯ ವರದಿಯನ್ನು ಜನ್ಮಪೂರ್ತಿ ಹೊರಬೇಡಿ, ಮರುಪರೀಕ್ಷೆ ಯಾವಾಗ ಎಂದು ಕೇಳಿ.

ಕೊನೆಯದನ್ನು ಮಾತ್ರ ಬಿಡುವುದಿಲ್ಲ. ಉಸಿರು ಕಟ್ಟಿದರೆ, ಧ್ವನಿ ಒಡೆದರೆ, ಮಗು ಕುಸಿದರೆ ಸಿರಪ್ ಹುಡುಕಬೇಡಿ. ವೈದ್ಯರು ಕೊಟ್ಟಿರುವ ಅಡ್ರಿನಲಿನ್ ಪೆನ್ನನ್ನು (ತುರ್ತಿಗೆಂದು ಔಷಧ ತುಂಬಿಟ್ಟ ಇಂಜೆಕ್ಷನ್) ತೊಡೆಯ ಹೊರಬದಿಗೆ, ಬಟ್ಟೆಯ ಮೇಲಿಂದಲೇ ಆದರೂ ಸರಿ, ಚುಚ್ಚಿ. ಮಲಗಿಸಿ, ಉಸಿರು ಕಷ್ಟವಾದರೆ ಕೂರಿಸಿ, ಆಂಬುಲೆನ್ಸ್ ಕರೆಯಿರಿ. ಈಗ ಫೈಲು ತೆರೆಯಿರಿ, ಪ್ರಶ್ನೆ ಕೇಳಿ.