ನಕ್ಷೆಯನ್ನು ಬಾಗಿಲಿನಿಂದ ಬರೆಯಿರಿ: ಕರಾವಳಿಯ ಆಹಾರ ಗೋದಾಮುಗಳ ಕುರಿತು

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಬಂದರಿನ ದಿನಸಿ ವರ್ತಕರಿದ್ದೀರಿ, ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆ ಹೊಸ ಗೋದಾಮು ಕಟ್ಟಲು ಹೊರಟವರಿದ್ದೀರಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದೀರಿ. ಎಲ್ಲರಿಗೂ ನನ್ನ ಕೋರಿಕೆ ಒಂದೇ. ಮಂಗಳೂರಿನಲ್ಲಿ ಆಹಾರ ಗೋದಾಮಿನ ನಕ್ಷೆಯನ್ನು ಬಾಗಿಲಿನಿಂದ ಬರೆಯಲು ಆರಂಭಿಸಿ. ಎಷ್ಟು ಮೂಟೆ ಹಿಡಿಸುತ್ತದೆ ಎಂಬ ಲೆಕ್ಕ ಆಮೇಲೆ ಬರಲಿ.

ಕಾರಣ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದೂ ಕಡಲಿನ ಕಡೆಯಿಂದ ಬೀಸುವ ಗಾಳಿಯೊಡನೆ ಓರೆಯಾಗಿ. ಹೆದ್ದಾರಿ ಆ ಬದಿಗಿದೆ ಎಂದು ಪಶ್ಚಿಮಕ್ಕೆ ಲೋಡಿಂಗ್ ಬಾಗಿಲಿಟ್ಟರೆ, ಇಳಿಸುವ ಪ್ರತಿ ಲಾರಿಯ ಜೊತೆ ನೀರೂ ಒಳಗೆ ಬರುತ್ತದೆ. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ. ಲಾರಿಯ ಹಿಂಭಾಗವನ್ನು ಮುಚ್ಚುವಷ್ಟು ಮಾಡು (ಛಾವಣಿ) ಮುಂದಕ್ಕೆ ಚಾಚಿರಲಿ. ಸರಕು ಇಳಿಸುವ ಕಟ್ಟೆಯ ಎತ್ತರ ಲಾರಿಯ ತಳಕ್ಕೆ ಸಮನಾಗಿರಲಿ.

ಅಕ್ಕಿ ಕೆಡದೆ ಉಳಿಯಬೇಕಾದರೆ ಅದರ ತೇವಾಂಶ ಶೇ. 14ರೊಳಗೆ ಇರಬೇಕು. ಗಾಳಿಯ ಆರ್ದ್ರತೆ ಶೇ. 75 ದಾಟಿ ಹಾಗೆಯೇ ನಿಂತರೆ, ಮುಚ್ಚಳ ತೆರೆದಿಟ್ಟ ಡಬ್ಬದ ಹಪ್ಪಳದಂತೆ ಅಕ್ಕಿಯೂ ತೇವ ಎಳೆದುಕೊಂಡು ಆ ಮಿತಿ ಮೀರುತ್ತದೆ. ಜುಲೈಯಲ್ಲಿ ನಮ್ಮ ಗಾಳಿಯ ಆರ್ದ್ರತೆ ಶೇ. 90ರ ಆಸುಪಾಸಿನಲ್ಲಿರುತ್ತದೆ. ಗಾಳಿಯಾಡಲಿ ಎಂದು ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಕಿಟಕಿಗಳನ್ನು ಹಗಲಿಡೀ ತೆರೆದಿಡುವವರು ದಯವಿಟ್ಟು ಇದನ್ನು ಯೋಚಿಸಿ. ಬಿಗಿಯಾಗಿ ಮುಚ್ಚಲು ಬರುವ ಕಿಟಕಿ ಬೇಕು. ಒಣ ಬಿಸಿಲು ಬಂದ ದಿನ ಮಾತ್ರ ಅದು ತೆರೆಯಬೇಕು.

ಮೂಟೆಗಳ ಅಟ್ಟಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ ಬಿಡಿ. ಬಾಡಿಗೆ ಕೊಡುವವರಿಗೆ ಇದು ದಂಡದ ಜಾಗವೆನಿಸುತ್ತದೆ, ನನಗೆ ಗೊತ್ತು. ಆದರೆ ಹುಳಕ್ಕೆ ಹೊಗೆ ಹಾಕುವಾಗ ಅಟ್ಟಿಯ ಮೇಲೆ ಟಾರ್ಪಾಲು ಹೊದಿಸಿ, ಅದರ ಅಂಚನ್ನು ಸುತ್ತಲೂ ಮರಳಿನ ಚೀಲಗಳಿಂದ ಒತ್ತಬೇಕು. ಜಾಗವಿಲ್ಲದ ಕಡೆ ಅನಿಲ ಸೋರುತ್ತದೆ, ಹುಳ ಬದುಕುತ್ತದೆ, ಕೆಲಸಗಾರರ ಉಸಿರಿಗೂ ಅಪಾಯ. ಇದಲ್ಲದೆ, ಗೋಡೆಗೆ ಒತ್ತಿ ಜೋಡಿಸಿದ ಹಳೆಯ ಲಾಟು ಯಾವಾಗಲೂ ಕೊನೆಗೇ ಹೊರಬರುತ್ತದೆ. ಮೊದಲು ಅವಧಿ ಮುಗಿಯುವ ಸರಕು ಮೊದಲು ಹೋಗಬೇಕೆಂಬ ನಿಯಮವನ್ನು ಗೋಡೆಯ ಮೇಲೆ ಬರೆದರೆ ಸಾಲದು, ಓಣಿಗಳೇ ಅದಕ್ಕೆ ದಾರಿ ಮಾಡಿಕೊಡಬೇಕು. ದಿನವೂ ಹೋಗುವ ಕುಚ್ಚಲಕ್ಕಿ ಬಾಗಿಲ ಬಳಿ ಇರಲಿ, ಅಪರೂಪದ ಸರಕು ಒಳಗಿರಲಿ.

ಇನ್ನೊಂದು ವಿಷಯ ಬೆಂಗಳೂರಿನ ವಿನ್ಯಾಸಕಾರರ ಲೆಕ್ಕದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಗುಡ್ಡ ಕುಸಿದು ಶಿರಾಡಿ ಘಾಟಿಯೋ ಚಾರ್ಮಾಡಿಯೋ ಮುಚ್ಚಿದರೆ ಘಟ್ಟದ ಮೇಲಿನ ಬೇಳೆ, ಮೆಣಸು, ತರಕಾರಿ ನಿಲ್ಲುತ್ತದೆ. ಅದಕ್ಕೆ ಹೆದರಿ ಮೇ ತಿಂಗಳಲ್ಲೇ ಎಲ್ಲರೂ ಹೆಚ್ಚು ದಾಸ್ತಾನು ಮಾಡುತ್ತಾರೆ. ವರ್ಷದ ಸರಾಸರಿಗೆ ಅಳೆದು ಕಟ್ಟಿದ ಗೋದಾಮಿನಲ್ಲಿ ಆಗ ಓಣಿಗಳೇ ಮೂಟೆಗಳಿಂದ ತುಂಬುತ್ತವೆ. ಮಳೆಗಾಲದ ಹೆಚ್ಚುವರಿಗೆಂದೇ ಗೋದಾಮಿನ ಒಂದು ಭಾಗ ಮೀಸಲಿಡಿ. ಬೇಸಿಗೆಯಲ್ಲಿ ಅದು ವಿಂಗಡಣೆಗೆ ಆಗುತ್ತದೆ.

ಶೀತಲಗೃಹಕ್ಕೆ ಬರುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮಂಗಳೂರಿನ ದಕ್ಕೆಯಲ್ಲೂ ಮಲ್ಪೆಯಲ್ಲೂ ದೋಣಿಗಳು ನಿಂತಿರುವಾಗ, ಒಂದೇ ದೊಡ್ಡ ಕೋಣೆಯಿದ್ದರೆ ಅಳಿದುಳಿದ ಮೀನಿಗಾಗಿ ಪೂರ್ತಿ ಕೋಣೆಯನ್ನು ಮೈನಸ್ 18 ಡಿಗ್ರಿಯಲ್ಲಿಡಬೇಕು. ಅದನ್ನೇ ನಾಲ್ಕಾಗಿ ಪಾಲು ಮಾಡಿದ್ದರೆ ಮೂರರ ಯಂತ್ರ ನಿಲ್ಲಿಸಬಹುದು. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ, ಬೆಣ್ಣೆಗೆ ಮೀನಿನ ವಾಸನೆ ಹಿಡಿಯುತ್ತದೆ. ಹೀಗಾಗಿ ಬೇರೆ ಬೇರೆ ಕೋಣೆಗಳು ಹೇಗೂ ಬೇಕು.

ಕೋಣೆಯ ಮುಂದೆ ಒಂದು ನಡುಕೋಣೆ ಇರಲೇಬೇಕು. ಬಾಗಿಲು ತೆರೆದಾಗಲೆಲ್ಲ ನುಗ್ಗುವ ನಮ್ಮ ಬೆಚ್ಚನೆಯ ತೇವದ ಗಾಳಿ ಒಳಗೆ ತಂಪು ಮಾಡುವ ಕೊಳವೆ ಸುರುಳಿಗಳ ಮೇಲೆ ಹಿಮವಾಗಿ ಕಟ್ಟುತ್ತದೆ. ಅದನ್ನು ಕರಗಿಸಲು ಮತ್ತೆ ವಿದ್ಯುತ್ ಸುಡಬೇಕು. ಸುಸ್ಥಿರತೆ ಎಂದ ಕೂಡಲೇ ಮಾಡಿನ ಮೇಲೆ ಸೌರಫಲಕ ಹಾಕುವ ಮಾತು ಬರುತ್ತದೆ. ಹಾಕಿ, ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಅದರಿಂದ ಸಿಗುವುದು ಕಡಿಮೆ. ಬಾಗಿಲಿನ ಸೋರಿಕೆ ನಿಲ್ಲಿಸಿದರೆ ಹನ್ನೆರಡು ತಿಂಗಳೂ ಉಳಿತಾಯ. ಅದೇ ಮಾಡಿನ ನೀರನ್ನು ತೊಟ್ಟಿಗೆ ಹರಿಸಿದರೆ ಅಂಗಳ ತೊಳೆಯಲು, ಶೌಚಾಲಯಕ್ಕೆ ಸಾಕಾಗುತ್ತದೆ.

50 ಕಿಲೋ ಮೂಟೆಯನ್ನು ಬೆನ್ನಿನ ಮೇಲೆ ಹೊರುವವರನ್ನು ನಕ್ಷೆ ಬರೆಯುವ ಮೊದಲೇ ಕರೆದು ಕೇಳಿ. ಎಲ್ಲಿ ಕಾಲು ಜಾರುತ್ತದೆ, ಯಾವ ತಿರುವಿನಲ್ಲಿ ಟ್ರಾಲಿ ಸಿಕ್ಕಿಕೊಳ್ಳುತ್ತದೆ ಎಂದು ಅವರಿಗೆ ತಿಳಿದಷ್ಟು ನಮಗ್ಯಾರಿಗೂ ತಿಳಿದಿಲ್ಲ. ಅವರಿಗೆ ಕುಳಿತುಕೊಳ್ಳಲು ಜಾಗ, ಕುಡಿಯುವ ನೀರು ನಕ್ಷೆಯಲ್ಲೇ ಇರಲಿ.

ನಿವೇಶನದ ನಕ್ಷೆ ತಂದವರು ಈಗ ಮೇಜಿನ ಬಳಿಗೆ ಬನ್ನಿ. ಮೊದಲು ಉತ್ತರ ದಿಕ್ಕು ಗುರುತಿಸಿ, ಬಾಗಿಲು ಎಲ್ಲಿಡಬಹುದೆಂದು ಒಟ್ಟಿಗೆ ನೋಡೋಣ.