ಕಕ್ಕಡದ ಪುಟಕ್ಕೆ ಮದ್ದುಸೊಪ್ಪಿನ ಬಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ಮಾತಿನ ಹಿಂದೆ ಕೇಳಿಸುತ್ತಿರುವುದು ಹೆಂಚಿನ ಮೇಲೆ ಬೀಳುತ್ತಿರುವ ಮಳೆ. ಸ್ವಲ್ಪ ಕಡಿಮೆಯಾಗಲಿ ಅಂತ ಬೆಳಗ್ಗೆಯಿಂದ ಕಾದೆ, ಆಗಲಿಲ್ಲ. ಕೊಡಗಿನ ನಮ್ಮ ನಾಪೋಕ್ಲು ಕಡೆ ಈ ತಿಂಗಳು ಹೀಗೇ ಅಲ್ವಾ. ಮಳೆಯ ಜೊತೆಯಲ್ಲೇ ಮಾತಾಡುತ್ತೇನೆ.

ಇವತ್ತು ಆಗಸ್ಟ್ 3, ಕಕ್ಕಡ ಹದಿನೆಂಟು. ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು ನಮಗೆ ಕಕ್ಕಡ. ಆ ತಿಂಗಳ ಹದಿನೆಂಟನೇ ದಿನ ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವುದು ಹಿರಿಯರ ನಂಬಿಕೆ. ಸೊಪ್ಪು, ಕಡ್ಡಿ ಎರಡನ್ನೂ ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿದರೆ ಪಾಯಸ. ನೋಡಿ, ಈ ಲೋಟದಲ್ಲಿರುವುದು ಅದೇ ನೀರು. "ಪಾಯಸಕ್ಕೆ ಸ್ವಲ್ಪ ಉಳಿಸು ಮಾರಾಯ್ತಿ" ಅಂತ ಅಮ್ಮ ಹೇಳುತ್ತಲೇ ಕೊಟ್ಟರು. ನನ್ನ ಜರ್ನಲ್‌ನ ಈ ತಿಂಗಳ ಪುಟಕ್ಕೆ ಇದೇ ಬಣ್ಣ. ಜರ್ನಲ್ ಅಂದರೆ ತಿಂಗಳು ತಿಂಗಳಿಗೆ ಬಣ್ಣ, ಫೋಟೋ, ನೆನಪು ಕೂಡಿಸಿಡುವ ನನ್ನ ಪುಸ್ತಕ.

ಜರ್ನಲ್ ಶುರು ಮಾಡಿದ ಮೊದಲ ವರ್ಷ ನಾನು ಸ್ಟಿಕ್ಕರ್ ಹಾಳೆಗಳನ್ನು ತರಿಸಿದ್ದೆ. ಅಕ್ಟೋಬರ್‌ಗೆ ಕುಂಬಳಕಾಯಿ, ಡಿಸೆಂಬರ್‌ಗೆ ಹಿಮ. ನೋಡಲು ಚೆನ್ನಾಗಿತ್ತು. ಆದರೆ ಮುಂದಿನ ವರ್ಷ ತೆರೆದು ನೋಡಿದಾಗ ಆ ಡಿಸೆಂಬರ್‌ನಲ್ಲಿ ನಾನೆಲ್ಲಿದ್ದೆ, ಏನು ಮಾಡುತ್ತಿದ್ದೆ, ಏನೂ ಗೊತ್ತಾಗಲಿಲ್ಲ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಕಾಫಿ ಹಣ್ಣು ಕೊಯ್ಯುತ್ತಾರೆ, ಅಂಗಳವೆಲ್ಲ ಕೆಂಪಗಿರುತ್ತದೆ. ಅದರ ಒಂದು ಗುರುತೂ ಪುಟದಲ್ಲಿರಲಿಲ್ಲ.

ಆಮೇಲೆ ಟ್ರಂಕಿನಲ್ಲಿ ಅಜ್ಜನ ಡೈರಿಗಳು ಸಿಕ್ಕಿದವು. ಅಂಗಳದಲ್ಲಿ ಅಜ್ಜನ ಮಳೆ ಅಳೆಯುವ ಡಬ್ಬ ಇತ್ತು, ಈಗಲೂ ಇದೆ. ದಿನಾ ಬೆಳಗ್ಗೆ 8 ಗಂಟೆಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿ ಬರೆಯುತ್ತಿದ್ದರು. 1-20 ಅಂದರೆ ಒಂದು ಇಂಚು ಇಪ್ಪತ್ತು ಸೆಂಟ್. ಇಂಚಿಗೆ ನೂರು ಸೆಂಟ್. ತೋಟದವರ ಲೆಕ್ಕ ಈಗಲೂ ಇದೇ, ಮಿಲಿಮೀಟರ್ ಯಾರ ಬಾಯಲ್ಲೂ ಬರುವುದಿಲ್ಲ. ಅಂಕಿಯ ಪಕ್ಕ ಎರಡೋ ಮೂರೋ ಮಾತು. "ಹೂಮಳೆ." ಅಂದರೆ ಕಾಫಿ ಗಿಡಕ್ಕೆ ಹೂ ಬರಿಸುವ ಮಳೆ. ಎಂಟು ಹತ್ತು ದಿನ ಬಿಟ್ಟು "ಹೂ ಬಿಟ್ಟಿತು." ಇನ್ನಷ್ಟು ದಿನ ಬಿಟ್ಟು "ಬ್ಯಾಕಿಂಗ್ ಮಳೆ ಬಂತು." ಹೂ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ ಅದು. ಒಂದು ಜೂನ್ ತಿಂಗಳಲ್ಲಿ ಹೀಗಿದೆ: "2-35. ಮಗು ಶಾಲೆಗೆ ಹೋಯಿತು." ಆ ಮಗು ನಾನು. ನನ್ನ ಮೊದಲ ದಿನದ ಫೋಟೋ ಯಾರೂ ತೆಗೆದಿಲ್ಲ. ಆದರೆ ಅವತ್ತು ಎಷ್ಟು ಮಳೆ ಬಂದಿತ್ತು ಅಂತ ನನಗೆ ಗೊತ್ತು. ಆ ಸಾಲನ್ನು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಅಲ್ಲಿಂದ ನನ್ನ ತಿಂಗಳ ಥೀಮ್ ಅಂಗಡಿಯಿಂದ ಬರುವುದು ನಿಂತಿತು. ಆ ತಿಂಗಳು ಮನೆಗೆ ಏನು ತರುತ್ತದೋ ಅದೇ ಥೀಮ್.

ಈಗ ಕೆಲಸಕ್ಕೆ ಬರೋಣ. ಕಾಗದ 200 ಜಿಎಸ್ಎಂ, ಅಂದರೆ ದಪ್ಪನೆಯದು. ತೆಳು ಕಾಗದಕ್ಕೆ ನೀರು ಬಿದ್ದರೆ ಮುದುಡಿಕೊಳ್ಳುತ್ತದೆ, ಅದರಲ್ಲೂ ಮಳೆಗಾಲದಲ್ಲಿ ಕಾಗದ ಮೊದಲೇ ಗಾಳಿಯ ತೇವ ಕುಡಿದಿರುತ್ತದೆ. ಅಗಲ ಬ್ರಷ್‌ನಲ್ಲಿ ಒಂದು ಸಲ ಬಳಿದೆ. ಬರೀ ತಿಳಿ ನೇರಳೆ ಬಂತು. ಒಣಗಿಸಿ ಎರಡನೇ ಸಲ ಬಳಿದು, ಹಸಿಯಿರುವಾಗಲೇ ಎರಡು ಎಲೆ ಇಟ್ಟು ಒತ್ತಿದೆ. ಎಲೆ ತೆಗೆದಾಗ ಅಂಚಿನ ಗೆರೆ ಉಳಿದಿದೆ, ಕಾಣಿಸುತ್ತಿದೆಯಾ? ಪುಟಕ್ಕೆ ಸೊಪ್ಪಿನ ವಾಸನೆಯೂ ಬಂದಿದೆ. ಇದನ್ನು ಕ್ಯಾಮೆರಾದಲ್ಲಿ ತೋರಿಸಲು ಆಗುವುದಿಲ್ಲವಲ್ಲ ಅನ್ನುವುದೇ ಬೇಸರ. ಹೋದ ವರ್ಷದ ಪುಟದ ಬಣ್ಣ ಮಾಸಿ ಕಂದಾಗಿದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ, ಅದರ ಮೇಲೆ ಮತ್ತೆ ಬಳಿಯಲು ಮನಸ್ಸು ಬರಲಿಲ್ಲ.

ಒಣಗಿಸುವುದೇ ದೊಡ್ಡ ಕೆಲಸ. ಬಿಸಿಲಿಲ್ಲ, ಕರೆಂಟೂ ನಿನ್ನೆಯಿಂದ ಇಲ್ಲ. ಪುಸ್ತಕವನ್ನು ತೆರೆದೇ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಮುಚ್ಚಿಟ್ಟರೆ ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಫೋಟೋ ಅಂಟಿಸುವ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ನನ್ನ ಅತ್ತೆಯ ಮನೆಯವರು ಉಟ್ಟ ಬಟ್ಟೆಯಲ್ಲಿ ನಮ್ಮಲ್ಲಿಗೆ ಬಂದರು. ಆಲ್ಬಂಗಳೆಲ್ಲ ಅಲ್ಲೇ ಹೋದವು. ಅತ್ತೆಯ ಮದುವೆಯ ಒಂದೇ ಒಂದು ಫೋಟೋ ನಮ್ಮ ಅಜ್ಜಿಯ ಹತ್ತಿರ ಉಳಿದಿತ್ತು. ಅದನ್ನು ನಾನು ಒಂದು ಜುಲೈನಲ್ಲಿ ನೀರು ಜಾಸ್ತಿ ಇರುವ ಅಂಟು ಹಚ್ಚಿ ಜರ್ನಲ್‌ಗೆ ಅಂಟಿಸಿದೆ. ಅಂಟು ಒಣಗಲಿಲ್ಲ, ಎದುರಿನ ಪುಟಕ್ಕೆ ಹಿಡಿಯಿತು. ಬಿಡಿಸುವಾಗ ಅತ್ತೆಯ ಮುಖದ ಅರ್ಧ ಭಾಗ ಆ ಪುಟಕ್ಕೇ ಹೋಯಿತು. ಅತ್ತೆ ಏನೂ ಅನ್ನಲಿಲ್ಲ. "ಇರಲಿ ಬಿಡು, ಸೀರೆ ಕಾಣುತ್ತಲ್ಲ" ಅಂದರು. ನನಗೆ ಇವತ್ತಿಗೂ ಆ ನೋವು ಹೋಗಿಲ್ಲ. ದಯವಿಟ್ಟು ಮೂಲ ಫೋಟೋ ಅಂಟಿಸಬೇಡಿ. ಮೊದಲು ಸ್ಕ್ಯಾನ್ ಮಾಡಿಸಿ, ಪ್ರಿಂಟ್ ಅಂಟಿಸಿ. ಬಸ್ ಟಿಕೆಟ್, ಬಿಲ್ಲುಗಳಿಗೂ ಹಾಗೆಯೇ. ಮೆಷಿನ್‌ನಿಂದ ಬರುವ ಆ ನುಣುಪು ಕಾಗದದ ಅಕ್ಷರ ಅಳಿಸಿಹೋಗುತ್ತದೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದ ನನ್ನ ಟಿಕೆಟ್ ಈಗ ಬರೀ ಬಿಳಿ ಚೀಟಿ. ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.

ಉಳಿದ ತಿಂಗಳುಗಳನ್ನು ಬೇಗ ತಿರುಗಿಸುತ್ತೇನೆ. ಇದು ಮಾರ್ಚ್. ಕಾಫಿ ಹೂವನ್ನು ಪೇಪರಿನ ನಡುವೆ ಒತ್ತಿಟ್ಟು ನೋಡಿದೆ, ಎರಡು ವರ್ಷವೂ ಕಂದಾಯಿತು. ಈಗ ಪುಟಕ್ಕೆ ಕಾಫಿ ಡಿಕಾಕ್ಷನ್ ಬಳಿದು, ಬಿಳಿ ಜೆಲ್ ಪೆನ್ನಿನಲ್ಲಿ ಹೂ ಬರೆಯುತ್ತೇನೆ. ಗಿಡದ ಎಲೆಗಳ ನಡುವೆ ಕಂಡಷ್ಟೇ ಬೆಳ್ಳಗೆ ಕಾಣುತ್ತದೆ. ಸೆಪ್ಟೆಂಬರ್ ಕೈಲ್ ಪೊಳ್ದ್, ಆಯುಧ ಪೂಜಿಸುವ ನಮ್ಮ ಹಬ್ಬ. ಕೋವಿಗೆ ಸಿಕ್ಕಿಸುವ ತೋಕ್ ಪೂವಿನ ಕೆಂಪು ಹಳದಿ. ಆ ಗಿಡ ವಿಷ, ಮುಟ್ಟಿದರೆ ಕೈ ತೊಳೆಯಿರಿ. ಇದು ಪುತ್ತರಿ, ಹೊಸ ಭತ್ತದ ಕದಿರು ತೆಗೆಯುವ ಹಬ್ಬ. ಈ ಕದಿರು ಹೋದ ವರ್ಷ ಗದ್ದೆಯಿಂದ ತಂದದ್ದು. "ಪೊಲಿ ಪೊಲಿ ದೇವಾ" ಅಂತ ಕೂಗುವಾಗ ನನ್ನ ಕೈಯಲ್ಲಿತ್ತು. ಒಂದು ಕಾಳೂ ಉದುರದ ಹಾಗೆ ದಾರದಲ್ಲಿ ಹೊಲಿದಿದ್ದೇನೆ.

ಎಲ್ಲ ತಿಂಗಳ ಎಡ ಅಂಚಿನಲ್ಲೂ ಈ ಚಿಕ್ಕ ಚೌಕಗಳಿವೆ ನೋಡಿ, ದಿನಕ್ಕೊಂದು. ಅವು ಮಳೆಗೆ. ಫೆಬ್ರವರಿಯಲ್ಲಿ ಸಾಲಾಗಿ ಖಾಲಿ, ಈಗ ಎಲ್ಲವೂ ತುಂಬಿವೆ. ಅಜ್ಜ ಹೋದ ಮೇಲೆ ಆ ಡಬ್ಬ ಎರಡು ವರ್ಷ ಸುಮ್ನೆ ಅಂಗಳದಲ್ಲಿ ತುಂಬಿ ಹರಿಯುತ್ತಿತ್ತು. ಈಗ 8 ಗಂಟೆಗೆ ಕೊಡೆ ಹಿಡಿದು ನಾನು ಹೋಗುತ್ತೇನೆ. ಊರಲ್ಲಿಲ್ಲದ ದಿನ ಅಮ್ಮ ನೋಡಿ ಫೋನಿನಲ್ಲಿ ಹೇಳುತ್ತಾರೆ.

ಪುಟ ಪೂರ್ತಿ ಒಣಗಿದೆ ಅನಿಸುತ್ತದೆ. ಆಗಸ್ಟ್ 3ರ ಚೌಕ ತುಂಬುತ್ತೇನೆ: 2-15. ಮದ್ದುಸೊಪ್ಪಿನ ಪಾಯಸ. ಅತ್ತೆ ಬಂದಿದ್ದಾರೆ.