ಟಿಕೆಟ್ ಆಮೇಲೆ, ಮೊದಲು ಪಾಸ್‌ಪೋರ್ಟ್‌ನ ತಾರೀಖು ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ವಿಜಯಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಟಿಕೆಟ್, ಪಾಸ್‌ಪೋರ್ಟ್, ವೀಸಾ ಕೆಲಸ ಮಾಡಿಕೊಂಡು ಬಂದಿದ್ದೇನೆ. ಹೊರದೇಶಕ್ಕೆ ಪ್ರವಾಸ ಹೋಗುವವರಿಗೆ ಏನೇನು ಕಾಗದ ಬೇಕು ಅಂತ ಸರಳವಾಗಿ ಹೇಳಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಸರಳವಾಗಿಯೇ ಹೇಳುತ್ತೇನೆ.

ನಮ್ಮ ಜಿಲ್ಲೆಯಿಂದ ಹೊರದೇಶ ನೋಡಲು ಹೋಗುವವರು ಈಗ ಜಾಸ್ತಿ ಆಗಿದ್ದಾರೆ. ಮೊದಲು ನನ್ನ ಅಂಗಡಿಗೆ ಬರುತ್ತಿದ್ದವರು ದುಬೈಗೋ ಮಸ್ಕತ್‌ಗೋ ದುಡಿಯಲು ಹೋಗುವ ಹುಡುಗರು. ಈಗ ತಿಕೋಟಾದ ದ್ರಾಕ್ಷಿ ಬೆಳೆಗಾರರು ಬರುತ್ತಾರೆ, ಇಂಡಿ ತಾಲ್ಲೂಕಿನ ಲಿಂಬೆ ತೋಟದವರು ಬರುತ್ತಾರೆ, ನಿವೃತ್ತ ಶಿಕ್ಷಕರು ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ನೋಡಿ ಖುಷಿಯಾಗುತ್ತದೆ. ಆದರೆ ಎಲ್ಲರೂ ಕುರ್ಚಿಯಲ್ಲಿ ಕೂತ ಕೂಡಲೇ ಕೇಳುವುದು ಒಂದೇ ಪ್ರಶ್ನೆ. "ಎಷ್ಟು ರೊಕ್ಕ ಆಗ್ತದ್ರಿ?" ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ತಾವಾಗಿಯೇ ಪಾಸ್‌ಪೋರ್ಟ್ ತೆಗೆದು, "ಇದರ ತಾರೀಖು ಸಾಕಾಗುತ್ತದಾ ನೋಡ್ರಿ" ಅಂದಿಲ್ಲ.

ನಾನು ಇವತ್ತು ಹೇಳಲು ಬಂದಿರುವುದು ಅದನ್ನೇ. ಟಿಕೆಟ್ ಆಮೇಲೆ. ಹೋಟೆಲ್ ಆಮೇಲೆ. ಮೊದಲು ಪಾಸ್‌ಪೋರ್ಟ್ ತೆಗೆದು ಅವಧಿ ಮುಗಿಯುವ ತಾರೀಖು ನೋಡಿ. ಬಹಳಷ್ಟು ದೇಶಗಳಿಗೆ, ನೀವು ಅಲ್ಲಿ ಇಳಿಯುವ ದಿನದಿಂದ ಎಣಿಸಿದರೆ ಇನ್ನೂ ಆರು ತಿಂಗಳು ಬಾಕಿ ಇರಬೇಕು. ಆರು ತಿಂಗಳು. ಐದೂವರೆ ಇದ್ದರೆ ಆಗುವುದಿಲ್ಲ.

ಮೊದಲು ಪಾಸ್‌ಪೋರ್ಟ್ ಅಂದರೇನು, ವೀಸಾ ಅಂದರೇನು ಅಂತ ಹೇಳಿಬಿಡುತ್ತೇನೆ. ಇವೆರಡನ್ನೂ ಬಹಳ ಜನ ಒಂದೇ ಅಂದುಕೊಂಡಿದ್ದಾರೆ. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ. ಇವನು ನಮ್ಮವನು ಅಂತ ಅದು ಹೇಳುತ್ತದೆ. ವೀಸಾ ಕೊಡುವುದು ನೀವು ಹೋಗುವ ದೇಶ. ಬನ್ನಿ, ಇಷ್ಟು ದಿನ ಇದ್ದು ಹೋಗಿ ಅಂತ ಅದು ಹೇಳುತ್ತದೆ. ಕೆಲವು ದೇಶಗಳು ನಮ್ಮವರಿಗೆ ವೀಸಾ ಬೇಡವೇ ಬೇಡ ಅಂದಿವೆ. ಕೆಲವು ಕಡೆ ಇಳಿದ ಮೇಲೆ ಅಲ್ಲೇ ಕೊಡುತ್ತಾರೆ, ಮಾಲ್ಡೀವ್ಸ್‌ನಲ್ಲಿ ಹಾಗೆ. ವಿಯೆಟ್ನಾಂನಂಥ ದೇಶಕ್ಕೆ ಮೊಬೈಲ್‌ನಲ್ಲೇ ಅರ್ಜಿ ಹಾಕಿ ಇ-ವೀಸಾ ತರಿಸಿಕೊಳ್ಳಬಹುದು. ಅಮೆರಿಕ, ಇಂಗ್ಲೆಂಡ್, ಯುರೋಪಿಗೆ ಮೊದಲೇ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಕಾಯಬೇಕು. ಹೇಗೇ ಹೋದರೂ ಪಾಸ್‌ಪೋರ್ಟ್ ಮಾತ್ರ ಬೇಕೇ ಬೇಕು. ಅದರ ತಾರೀಖೂ ಸರಿ ಇರಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಒಂದು ಕಾರಣ ಇದೆ. 2024ರ ಮೇ ತಿಂಗಳಲ್ಲಿ ನಡೆದದ್ದು. ಹೆಸರು ಹೇಳುವುದಿಲ್ಲ, ಅವರನ್ನು ನಾನು ಕಾಕಾ ಅಂತಲೇ ಕರೆಯುವುದು. ತಿಕೋಟಾ ಕಡೆಯವರು, ನಾಲ್ಕು ಎಕರೆ ದ್ರಾಕ್ಷಿ ಪಡ ಇದೆ. ಆ ವರ್ಷ ಏಪ್ರಿಲ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಮುಗಿಸಿ, ಮೊಮ್ಮಕ್ಕಳ ಸೂಟಿ ಇರುವಾಗಲೇ ಒಂದು ಸಲ ವಿಮಾನ ಹತ್ತೋಣ ಅಂತ ಮನೆಯಲ್ಲಿ ಮಾತಾಯಿತು. ಕಾಕಾ, ಕಾಕಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಒಟ್ಟು ಆರು ಜನ. ಎಲ್ಲಿಗೆ? ಮಲೇಷ್ಯಾಕ್ಕೆ. 2023ರ ಡಿಸೆಂಬರ್ 1ರಿಂದ ಮಲೇಷ್ಯಾ ನಮ್ಮವರಿಗೆ 30 ದಿನ ವೀಸಾ ಇಲ್ಲದೆ ಬರಲು ಬಿಟ್ಟಿತ್ತು. ಕ್ವಾಲಾಲಂಪುರದ ಹತ್ತಿರ ಬಾಟು ಗುಹೆ ಇದೆ. ಅಲ್ಲಿ ಸುಬ್ರಹ್ಮಣ್ಯನ ದೊಡ್ಡ ಬಂಗಾರ ಬಣ್ಣದ ಮೂರ್ತಿ, ಪಕ್ಕದಲ್ಲೇ 272 ಮೆಟ್ಟಿಲು. ಕಾಕಾ ಅದರ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡು ಊರಿಗೆಲ್ಲ ತೋರಿಸಿದ್ದರು. "ಈ ಪಾವಟಿಗಿ ನಾನು ಏರಾಂವ" ಅಂತ.

ಕಾಕಾ ಅವರ ಪಾಸ್‌ಪೋರ್ಟ್ ಹಳೆಯದು. 2014ರ ಸೆಪ್ಟೆಂಬರ್‌ನಲ್ಲಿ ಮಾಡಿಸಿದ್ದು. ಮಾನಸ ಸರೋವರಕ್ಕೆ ಹೋಗಬೇಕು ಅಂತ ಮಾಡಿಸಿ, ಆಮೇಲೆ ಹೋಗಲಾಗದೆ ಹಾಗೇ ಉಳಿದಿತ್ತು. ನಮ್ಮ ಊರಿಗೆ ವಿಜಯಪುರ ಅಂತ ಹೆಸರಾಗಿದ್ದು ಅದೇ ವರ್ಷ ನವೆಂಬರ್ 1ಕ್ಕೆ ಅಲ್ವಾ? ಹಾಗಾಗಿ ಅದರಲ್ಲಿ ಬಿಜಾಪುರ ಅಂತಲೇ ಇತ್ತು. ಬ್ಯಾಂಕ್ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಜಗಲಿಯ ಮೇಲೆ ಇಟ್ಟಿದ್ದರು. ಕವರಿನ ಮೇಲೆ ವಿಭೂತಿ ಹತ್ತಿತ್ತು, ಕೈಗೆ ತೆಗೆದುಕೊಂಡರೆ ಕರ್ಪೂರದ ವಾಸನೆ. ಒಳಗೆ ಒಂದು ಹಾಳೆಗೂ ಸಿಕ್ಕೆ ಬಿದ್ದಿಲ್ಲ, ಹೊಸದರ ಹಾಗೆ ಇದೆ. ಅದನ್ನು ನೋಡಿದರೆ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ.

ಟಿಕೆಟ್ ಮಾಡಿದ್ದು ನಾನೇ. ಹೆಸರು, ಪಾಸ್‌ಪೋರ್ಟ್ ನಂಬರು, ಅವಧಿ ಮುಗಿಯುವ ತಾರೀಖು, ಎಲ್ಲ ನನ್ನ ಕೈಯಿಂದಲೇ ಟೈಪ್ ಮಾಡಿದೆ. ಸೆಪ್ಟೆಂಬರ್ 2024 ಅಂತ ಟೈಪ್ ಮಾಡಿದೆ. ಮೇ ತಿಂಗಳಿಂದ ಸೆಪ್ಟೆಂಬರ್‌ಗೆ ಎಷ್ಟು ತಿಂಗಳು ಅಂತ ಎಣಿಸಲಿಲ್ಲ. ಆರೂ ಜನರ ಹೆಸರಿನ ಅಕ್ಷರ ಸರಿ ಇದೆಯಾ ಅಂತ ಮೂರು ಸಲ ನೋಡಿದೆ. ತಾರೀಖು ನೋಡಲಿಲ್ಲ.

ಹೊರಡುವ ದಿನ ರಾತ್ರಿ ಎಂಟೂವರೆಗೆ ಬೆಂಗಳೂರು ವಿಮಾನ ನಿಲ್ದಾಣದಿಂದ ಮಗ ಫೋನ್ ಮಾಡಿದ. ಕೌಂಟರಿನ ಹುಡುಗಿ ಆರೂ ಪಾಸ್‌ಪೋರ್ಟ್ ತೆಗೆದುಕೊಂಡು ಒಂದೊಂದಾಗಿ ನೋಡಿ, ಐದನ್ನು ಒಂದು ಕಡೆ, ಕಾಕಾ ಅವರದನ್ನು ಒಂದು ಕಡೆ ಇಟ್ಟಳಂತೆ. "ಇವರು ಹೋಗಲು ಆಗುವುದಿಲ್ಲ. ನಾಲ್ಕು ತಿಂಗಳು ಅಷ್ಟೇ ಉಳಿದಿದೆ." ದೊಡ್ಡ ಅಧಿಕಾರಿ ಬಂದರು, ಅವರೂ ಅದನ್ನೇ ಹೇಳಿದರು. ನಾನು ಫೋನ್ ಹಿಡಿದುಕೊಂಡು ಸುಮ್ನೆ ನಿಂತೆ. ಹೇಳಲು ಏನೂ ಇರಲಿಲ್ಲ. ಹುಡುಗಿ ಹೇಳಿದ್ದು ಸರಿ ಇತ್ತು.

ಮಗ ಎಲ್ಲರೂ ವಾಪಸ್ ಹೋಗೋಣ ಅಂದ. ಕಾಕಾ ಒಪ್ಪಲಿಲ್ಲ. ಮಕ್ಕಳು ಅಳಬಾರದು, ನೀವು ಹೋಗ್ರಿ ಅಂದರು. ಕಾಕಿ ಮಾತ್ರ, "ಅವರನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ" ಅಂತ ತಮ್ಮ ಚೀಲ ಕೆಳಗಿಳಿಸಿಬಿಟ್ಟರು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಮಾತ್ರ ಮೊಮ್ಮಕ್ಕಳ ಜೊತೆ ಮಲೇಷ್ಯಾಕ್ಕೆ ಹೋಯಿತು. ಇವರಿಬ್ಬರು ಆ ರಾತ್ರಿ ಬೆಂಗಳೂರಿನಲ್ಲಿ ಬೀಗರ ಮನೆಯಲ್ಲಿ ಮಲಗಿ, ಮರುದಿನ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬಂದರು.

ಬಂದವರು ನೇರ ನನ್ನ ಅಂಗಡಿಗೆ ಬಂದು ಪಾಸ್‌ಪೋರ್ಟ್ ಟೇಬಲ್ ಮೇಲೆ ಇಟ್ಟರು. ಬೈಯಲಿಲ್ಲ. ತಾರೀಖಿನ ಮೇಲೆ ಬೆರಳಿಟ್ಟು ಕೇಳಿದರು. "ಅಲ್ಲೋ ತಮ್ಮಾ, ಮುದ್ದತ್ತು ಇನ್ನ ನಾಕ ತಿಂಗಳ ಐತಿ. ನಾವು ಹೋಗಿ ಬರೂದು ಆರ ದಿನ. ಯಾಕ ಒಲ್ಲೆ ಅಂದ್ರು?"

ಇದು ನ್ಯಾಯವಾದ ಪ್ರಶ್ನೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆರು ದಿನಕ್ಕೆ ಅಂತ ಹೋದವರು ಅಲ್ಲಿ ಬಿದ್ದು ಕಾಲು ಮುರಿದುಕೊಂಡು ಎರಡು ಮೂರು ತಿಂಗಳು ಆಸ್ಪತ್ರೆಯಲ್ಲಿ ಇರಬೇಕಾಗಬಹುದು. ಅಷ್ಟರಲ್ಲಿ ಪಾಸ್‌ಪೋರ್ಟ್ ಮುಗಿದರೆ ಅವರನ್ನು ವಾಪಸ್ ಕಳಿಸುವುದು ಆ ದೇಶಕ್ಕೆ ತಲೆನೋವು. ಅದಕ್ಕೇ ಆರು ತಿಂಗಳ ನಿಯಮ. ವಿಮಾನದವರು ಯಾಕೆ ಬಿಗಿ ಮಾಡುತ್ತಾರೆ ಅಂದರೆ, ಕಾಗದ ಸರಿ ಇಲ್ಲದವರನ್ನು ಕರೆದುಕೊಂಡು ಹೋದರೆ ಆ ದೇಶ ಅವರಿಗೇ ದಂಡ ಹಾಕುತ್ತದೆ. ವಾಪಸ್ ಕರೆತರುವ ಹೊಣೆಯೂ ಅವರದೇ. ಕೌಂಟರಿನಲ್ಲಿ ಕೂತವರ ಎದುರು ಕಂಪ್ಯೂಟರಿನಲ್ಲಿ ಪ್ರತಿ ದೇಶದ ನಿಯಮ ಇರುತ್ತದೆ. ಅದನ್ನು ನೋಡಿಯೇ ಹೇಳುತ್ತಾರೆ. ಅವರ ಜೊತೆ ಜಗಳ ಮಾಡಬೇಡಿ, ಕೈ ಮುಗಿದರೂ ಏನೂ ಆಗುವುದಿಲ್ಲ.

ಇನ್ನೊಂದು ಮಾತು ಗಮನಿಸಿ. ವೀಸಾ ಬೇಕಾದ ದೇಶಕ್ಕೆ ಹೋಗುವಾಗ ಈ ತಪ್ಪು ಅರ್ಜಿ ಹಾಕುವಾಗಲೇ ಸಿಕ್ಕಿಬೀಳುತ್ತದೆ. ವೀಸಾ ಬೇಡದ ದೇಶಕ್ಕೆ ಹೋಗುವಾಗಲೇ ಅಪಾಯ ಜಾಸ್ತಿ. ಯಾಕೆಂದರೆ ವಿಮಾನ ನಿಲ್ದಾಣದ ಕೌಂಟರಿಗೆ ಹೋಗುವ ತನಕ ಯಾರೂ ನಿಮ್ಮ ಪಾಸ್‌ಪೋರ್ಟ್ ಸರಿಯಾಗಿ ನೋಡಿರುವುದಿಲ್ಲ. ವೀಸಾ ಬೇಡ ಅಂದರೆ ಏನೂ ಬೇಡ ಅಂತ ತಿಳಿಯಬೇಡಿ. ಮಲೇಷ್ಯಾಕ್ಕೆ ಇಳಿಯುವ ಮೊದಲಿನ ಮೂರು ದಿನದೊಳಗೆ ಮೊಬೈಲ್‌ನಲ್ಲಿ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಥಾಯ್ಲೆಂಡ್ ಕೂಡ 2025ರ ಮೇ 1ರಿಂದ ಅಂಥದ್ದೇ ಕಾರ್ಡ್ ಮಾಡಿದೆ. ವಾಪಸ್ ಬರುವ ಟಿಕೆಟ್, ಹೋಟೆಲ್ ಬುಕಿಂಗ್ ಚೀಟಿ ಕೈಯಲ್ಲಿರಲಿ, ಕೇಳುತ್ತಾರೆ.

ಕಾಕಾ ಅವರ ಕೆಲಸ ಆಮೇಲೆ ಸುಲಭವಾಗಿಯೇ ಆಯಿತು. ಅದೇ ನನಗೆ ಇವತ್ತಿಗೂ ಸಂಕಟ. ಪಾಸ್‌ಪೋರ್ಟ್ ಮುಗಿಯುವ ಒಂದು ವರ್ಷ ಮೊದಲೇ ಹೊಸದಕ್ಕೆ ಅರ್ಜಿ ಹಾಕಬಹುದು. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ದಿನ ಗೊತ್ತು ಮಾಡಿಕೊಂಡು ಹತ್ತಿರದ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಬರುವುದು. ಬೆಳಗಾವಿ ಕಡೆಯವರಿಗೆ ಅಲ್ಲಿಯ ಅಂಚೆ ಕಚೇರಿಯಲ್ಲೇ ಕೇಂದ್ರ ಇದೆ. 36 ಪುಟದ ಪಾಸ್‌ಪೋರ್ಟ್‌ಗೆ 1500 ರೂಪಾಯಿ. ಬೇಗ ಬೇಕು ಅಂದರೆ ತತ್ಕಾಲ್, ಅದಕ್ಕೆ ಮೇಲೆ 2000. ಟಿಕೆಟ್ ಮಾಡುವ ಮೊದಲೇ ನಾನು ಆ ಒಂದು ತಾರೀಖು ಓದಿದ್ದರೆ ಅವರಿಬ್ಬರೂ ಮಕ್ಕಳ ಜೊತೆಗೇ ಹೋಗಿರುತ್ತಿದ್ದರು. ಮುಂದಿನ ವರ್ಷ ಕಾಕಾ, ಕಾಕಿ ಇಬ್ಬರೇ ಹೋಗಿ ಬಂದರು. 272 ಮೆಟ್ಟಿಲೂ ಏರಿದರು.

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಬೇಗ ಹೇಳುತ್ತೇನೆ.

ಹೆಸರಿನ ವಿಷಯ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಮೂರು ಇರುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. ಪಾಸ್‌ಪೋರ್ಟ್‌ನಲ್ಲಿ ಬರೀ ಒಂದೇ ಹೆಸರು ಇದ್ದವರಿಗೆ ಯುಎಇ, ಅಂದರೆ ದುಬೈ ಇರುವ ದೇಶ, 2022ರ ನವೆಂಬರ್‌ನಿಂದ ಪ್ರವಾಸಿ ವೀಸಾಗೆ ಅಡ್ಡಿ ಮಾಡಿದೆ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ವೀಸಾ ಅರ್ಜಿಯಲ್ಲೂ ಟಿಕೆಟ್‌ನಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಬರೆಯಿರಿ. ಹುಟ್ಟಿದ ಊರು ಬಿಜಾಪುರ ಅಂತ ಇದ್ದರೆ ಬಿಜಾಪುರ ಅಂತಲೇ ಬರೆಯಿರಿ, ಗಾಬರಿ ಬೇಡ.

ಯುರೋಪು. ಅಲ್ಲಿ 29 ದೇಶಕ್ಕೆ ಸೇರಿ ಒಂದೇ ಷೆಂಗೆನ್ ವೀಸಾ. ಇಂಗ್ಲೆಂಡ್ ಅದರಲ್ಲಿ ಇಲ್ಲ, ಅದಕ್ಕೆ ಬೇರೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. 30,000 ಯುರೋದ ಪ್ರವಾಸ ವಿಮೆ ಬೇಕೇ ಬೇಕು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಹೊರಡಲು ಕನಿಷ್ಠ ಹದಿನೈದು ದಿನ ಇರುವಾಗಲೇ ಹಾಕಿರಬೇಕು. ವೀಸಾ ಕೊಡದಿದ್ದರೆ ಫೀಸು ವಾಪಸ್ ಬರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಎರಡು ಖಾಲಿ ಪುಟ ಇರಲಿ.

ರೈತರು ಕೇಳುತ್ತಾರೆ, ನಮಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು ಅಂತ. ಹೊಲದ ಉತಾರ, ಅಂದರೆ ಪಹಣಿ ಕೊಡಿ, ಇಂಗ್ಲಿಷ್‌ಗೆ ಅನುವಾದ ಮಾಡಿಸಿ ಕೊಡಿ. ದ್ರಾಕ್ಷಿ ಮಾರಿದ ಪಟ್ಟಿ ಕೊಡಿ, ಬ್ಯಾಂಕ್ ಖಾತೆಯ ವಿವರ ಕೊಡಿ. ನೀವು ವಾಪಸ್ ಬರುತ್ತೀರಿ ಅಂತ ವೀಸಾ ಅಧಿಕಾರಿಗೆ ನಂಬಿಕೆ ಬರಬೇಕು, ಅಷ್ಟೇ. ಊರಲ್ಲಿ ಹೊಲ, ತೋಟ ಇದ್ದರೆ ಅದು ಒಳ್ಳೆಯ ಪುರಾವೆ. ಅರ್ಜಿಗೆ ವಾರ ಇರುವಾಗ ಯಾರದೋ ಐದು ಲಕ್ಷ ತಂದು ಖಾತೆಗೆ ಹಾಕಬೇಡಿ. ನೋಡಿದ ತಕ್ಷಣ ಗೊತ್ತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಹತ್ತು ವರ್ಷ ಬರುವುದಿಲ್ಲ, ಐದೇ ವರ್ಷ. ನಿಮ್ಮದು ಸರಿ ಇದೆ ಅಂತ ಮಕ್ಕಳದೂ ಸರಿ ಇದೆ ಅಂದುಕೊಳ್ಳಬೇಡಿ. ಪ್ರತಿಯೊಬ್ಬರದೂ ಬೇರೆ ಬೇರೆ ತೆಗೆದು ತಾರೀಖು ನೋಡಿ.

ಒಳಗಿನಿಂದ ಒಂದು ನಿಮಿಷ ಅಂತ ಕೈ ತೋರಿಸುತ್ತಿದ್ದಾರೆ. ನೇಪಾಳದ್ದು ಹೇಳದೆ ಹೋಗಬಾರದು, ಕಾಶಿ ಯಾತ್ರೆಗೆ ಹೋದವರು ಹಾಗೇ ಪಶುಪತಿನಾಥಕ್ಕೂ ಹೋಗುತ್ತಾರೆ. ನೇಪಾಳಕ್ಕೆ ನಮಗೆ ವೀಸಾ ಇಲ್ಲ. ಪಾಸ್‌ಪೋರ್ಟ್ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಚುನಾವಣಾ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದು 65 ದಾಟಿದ ಹಿರಿಯರಿಗೆ ಮತ್ತು 15ರೊಳಗಿನ ಮಕ್ಕಳಿಗೆ ಮಾತ್ರ. ನಡುವಿನ ವಯಸ್ಸಿನವರು ಆಧಾರ್ ಒಂದನ್ನೇ ಇಟ್ಟುಕೊಂಡು ಬಸ್ಸು ಹತ್ತಬೇಡಿ. ಚುನಾವಣಾ ಚೀಟಿ ಎಲ್ಲಿದೆ ಅಂತ ಈಗಲೇ ಹುಡುಕಿ. ಪಾಸ್‌ಪೋರ್ಟ್ ಕೂಡ ಅಲ್ಲೇ ಇದ್ದರೆ, ತೆಗೆದು ತಾರೀಖು ಓದಿ ಇಡಿ. ನಮಸ್ಕಾರ.